ಒಂದು ನಿಮಿಷ, ಹದಿನಾಲ್ಕು ಮೈಲಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6

ಕಂಪನಿ ಕೊಟ್ಟ ಮಾತು ಒಂದು — ಹಾಯಿ ಹೊಲಿಯುವ ಹೆಂಗಸರಲ್ಲಿ ಒಬ್ಬಳಿಗೆ ನ್ಯಾವಿಗೇಷನ್ ಕ್ಲಾಸಿನಲ್ಲಿ ಸೀಟು. ಕೊಟ್ಟರು. ನನಗಲ್ಲ.

ಎರಡು — ಪ್ರತಿ ಬಂದರಿನಲ್ಲೂ ಎಲ್ಲರಿಗೂ ಒಂದು ಪೂರ್ತಿ ದಿನ ನೆಲದ ಮೇಲೆ. ಎರಡು ಬಂದರು ಕಳೆದವು. ಎಲ್ಲರೂ ಇಳಿದರು. ನಾನು ಡೆಕ್ಕಿನ ಮೇಲೆ ಹರಿದ ಹಾಯಿ ಹಾಸಿಕೊಂಡು ಕೂತಿದ್ದೆ.

ಮೂರು — ಸೂರ್ಯನ ಎತ್ತರ ಅಳೆಯುವ ಸೆಕ್ಸ್ಟಂಟ್ ಮುಟ್ಟಲು ಎಲ್ಲರಿಗೂ ಅವಕಾಶ. ನನಗೆ ಮುಟ್ಟಲು ಸಿಕ್ಕಿದ್ದು ಅದರ ಪೆಟ್ಟಿಗೆ. ಒರೆಸಲಿಕ್ಕೆ.

ಇದನ್ನೆಲ್ಲ ಬರೆಸಿಕೊಂಡವಳು ನಾನು. ಹನ್ನೊಂದು ದಿನ ಹಾಯಿ ಕಾರ್ಖಾನೆಯ ಗೇಟಿನ ಮುಂದೆ ಕೂತು, ಗಂಟಲು ಹರಿದುಕೊಂಡು, ಈ ಹಡಗೂ ಯಾರದೋ ಆ ಕಂಪನಿಯ ಕೈಯಲ್ಲಿ ಸಹಿ ಹಾಕಿಸಿದವಳು. ಆ ಕಾಗದ ಈಗಲೂ ನನ್ನ ಸೂಜಿ ಡಬ್ಬಿಯಲ್ಲಿದೆ. ಅದರಲ್ಲಿ ‘ಒಬ್ಬ ಹೆಂಗಸು’ ಅಂತಿದೆ. ಯಾರು ಅಂತಿಲ್ಲ. ಬರೆಸಲಿಲ್ಲ. ಇನ್ಯಾರಿರುತ್ತಾರೆ ಅಂದುಕೊಂಡಿದ್ದೆ. ದಡ್ಡಿ.

ಸೀಟು ತಂಗಿಗೆ. ಒಡಹುಟ್ಟಿದ ತಂಗಿಗೆ. ಹಡಗಿಗೆ ಬಂದು ಮೂರು ತಿಂಗಳಾಗಿಲ್ಲ. ಅವಳ ಹೊಲಿಗೆ ಕೋಳಿ ಕೆರೆದ ಹಾಗಿರುತ್ತದೆ. ಕ್ಯಾಪ್ಟನ್‌ನನ್ನು ನೇರವಾಗಿ ಕೇಳಿದೆ. ನಿನ್ನಂಥ ಕೈ ಇನ್ನೊಂದಿಲ್ಲ, ನಿನ್ನನ್ನು ಕ್ಲಾಸಿಗೆ ಕೂರಿಸಿದರೆ ಹಡಗೇ ನಿಂತುಬಿಡುತ್ತದೆ ಅಂದ. ನಗುತ್ತಾ ಅಂದ. ಹೊಗಳಿಕೆಯೂ ಒಂದು ಹಗ್ಗ. ಚೆನ್ನಾಗಿ ದುಡಿಯುವವಳನ್ನು ಇದ್ದಲ್ಲೇ ಕಟ್ಟು. ದುಡಿಯಲು ಬಾರದವಳಿಗೆ ಆಕಾಶ ತೋರಿಸು.

ಮುಂದಿನ ಹಾಯಿ ಬಿಚ್ಚಿ ಇಳಿಸಿದ್ದಾರೆ. ಅಂಚು ಪೂರ್ತಿ ಹೋಗಿದೆ. ಹೊಲಿಯಬೇಕು.

ಮಾರ್ಚ್ 5, ಬುಧವಾರ. ಊಟವಾದ ಮೇಲೆ

ನನಗೂ ಒಂದು ಕೆಲಸ ಸಿಕ್ಕಿತು ಕ್ಲಾಸಿನಲ್ಲಿ. ವಾಚು ಹಿಡಿಯುವುದು.

ಅದು ಹೀಗೆ. ಒಬ್ಬರು ಸೆಕ್ಸ್ಟಂಟ್ ಕಣ್ಣಿಗಿಟ್ಟು, ಕನ್ನಡಿ ತಿರುಗಿಸಿ, ಸೂರ್ಯನನ್ನು ನೀರಿನ ಗೆರೆಗೆ ಇಳಿಸುತ್ತಾರೆ. ಅಂಚು ತಾಗಿದ ಕೂಡಲೇ ‘ಈಗ’ ಅನ್ನುತ್ತಾರೆ. ಇನ್ನೊಬ್ಬರು ಆ ಗಳಿಗೆಯ ಗಂಟೆ, ನಿಮಿಷ, ಸೆಕೆಂಡ್ ಬರೆದುಕೊಳ್ಳಬೇಕು. ಭೂಮಿ ಯಾರಿಗೂ ಕಾಯುವುದಿಲ್ಲ. ನಾಲ್ಕು ಸೆಕೆಂಡ್ ತಪ್ಪಿದರೆ ನಕ್ಷೆಯ ಮೇಲೆ ಹೆಚ್ಚುಕಡಿಮೆ ಒಂದು ಮೈಲಿ ತಪ್ಪು.

ಅವಳು ಸೂರ್ಯನನ್ನು ಇಳಿಸುತ್ತಾಳೆ. ನಾನು ಗಡಿಯಾರ ಓದುತ್ತೇನೆ. ಕ್ಲಾಸು ಕ್ಲಾಸು ಅಂತ ಬಡಿದಾಡಿದೆಯಲ್ಲ, ಇದೂ ಕ್ಲಾಸೇ ಅಂದ ಕ್ಯಾಪ್ಟನ್. ಉಪಕಾರ ಮಾಡಿದವನ ಮುಖ.

ಸೆಕ್ಸ್ಟಂಟಿನ ದುರ್ಬೀನಿಗೆ ರಬ್ಬರಿನ ಬಾಯಿ ಇದೆ. ಒತ್ತಿ ಒತ್ತಿ ತಂಗಿಯ ಬಲಗಣ್ಣಿನ ಸುತ್ತ ಕೆಂಪು ಬಳೆ ಮೂಡಿದೆ. ಊಟಕ್ಕೆ ಕೂತಾಗ ಎಲ್ಲರಿಗೂ ಕಂಡಿತು. ಅವಳು ಮುಖ ತೊಳೆದೇ ಇರಲಿಲ್ಲ. ಬೇಕೆಂದೇ.

ಮಾರ್ಚ್ 6, ಗುರುವಾರ. ಸಂಜೆ 5

ಬರೆಯಲು ನಾಚಿಕೆ. ಯಾರು ಓದುತ್ತಾರೆ, ಬರೆಯುತ್ತೇನೆ.

ಹಾಯಿ ಕೋಣೆಯಲ್ಲಿ ಒಬ್ಬಳೇ ಇದ್ದೆ. ಮೇಣದ ಡಬ್ಬಿಯ ಮುಚ್ಚಳ ತೆಗೆದು ಬಲಗಣ್ಣಿಗೆ ಒತ್ತಿ ಹಿಡಿದೆ. ನೂರರವರೆಗೆ ಎಣಿಸಿದೆ. ಕನ್ನಡಿ ನೋಡಿದೆ... ಬಳೆ ಮೂಡಿತ್ತು. ಸ್ವಲ್ಪ ಹೊತ್ತು ಹಾಗೇ ನೋಡುತ್ತಾ ನಿಂತೆ. ಚೆನ್ನಾಗಿತ್ತು.

ಬಾಗಿಲಲ್ಲಿ ಗೂಟ. ಹಡಗಿನ ಬಡಗಿ. ಎಲ್ಲಿ ನಿಲ್ಲಿಸಿದರೆ ಅಲ್ಲೇ ನೆಟ್ಟ ಹಾಗೆ ನಿಲ್ಲುತ್ತಾನೆ, ಅದಕ್ಕೆ ಆ ಹೆಸರು. “ಏನಕ್ಕಾ, ಕಣ್ಣಿಗೂ ಮುಚ್ಚಳ ಬೇಕಾಯ್ತಾ?” ಅಂದ. ಸೂಜಿ ತೋರಿಸಿದೆ. ಹೋದ. ಈಗ ಇಡೀ ಹಡಗಿಗೆ ಗೊತ್ತಿರುತ್ತದೆ.

ಇದಕ್ಕೆ ಅನ್ಯಾಯದ ವಿರುದ್ಧ ಸಿಟ್ಟು ಅಂತ ಹೆಸರಿಟ್ಟುಕೊಂಡು ಓಡಾಡುತ್ತಿದ್ದೇನೆ. ಅನ್ಯಾಯ ಇದೆ, ಸುಳ್ಳಲ್ಲ. ಆದರೆ ಮುಚ್ಚಳ ಒತ್ತಿಕೊಂಡದ್ದು ಅನ್ಯಾಯಕ್ಕಲ್ಲ. ಹೊಟ್ಟೆಕಿಚ್ಚಿಗೆ.

ಮಾರ್ಚ್ 9, ಭಾನುವಾರ. ಮಧ್ಯಾಹ್ನ 1

ಜಿಪಿಎಸ್ ಪರದೆಗೆ ಕ್ಯಾಪ್ಟನ್ ಚೌಕಳಿಯ ಟವೆಲ್ ಹೊದಿಸಿರುತ್ತಾನೆ. ತಂಗಿ ಬೆಳಿಗ್ಗೆ ಒಮ್ಮೆ, ನಡುಮಧ್ಯಾಹ್ನ ಒಮ್ಮೆ ಸೂರ್ಯನನ್ನು ಅಳೆದು, ಪುಸ್ತಕ ನೋಡಿ ಲೆಕ್ಕ ಮಾಡಿ, ನಕ್ಷೆಯಲ್ಲಿ ಚುಕ್ಕೆ ಇಡುತ್ತಾಳೆ. ಆಮೇಲೆ ಚುಕ್ಕೆ ಸರಿಯಿದೆಯಾ ಅಂತ ನೋಡಲು ಟವೆಲ್ ಎತ್ತುತ್ತಾನೆ. ಮೊನ್ನೆ ಆರು ಮೈಲಿ ತಪ್ಪಿತ್ತು. ನಿನ್ನೆ ಮೂರು. ಇವತ್ತು ಒಂದೂವರೆ. ಚಪ್ಪಾಳೆ. ಕ್ಯಾಪ್ಟನ್ ತನ್ನ ಪೆನ್ಸಿಲ್ಲನ್ನೇ ಕೊಟ್ಟ ಅವಳಿಗೆ. ಜೇಬಿಗೆ ಸಿಕ್ಕಿಸಿಕೊಂಡಳು, ತುದಿ ಹೊರಗೆ ಕಾಣುವ ಹಾಗೆ.

ಅಕ್ಕ ಬಾ ನೋಡು, ಎಷ್ಟು ಸುಲಭ ಅಂತ ತೋರಿಸ್ತೀನಿ ಅಂದಳು. ಹೊಲಿಗೆ ಇದೆ ಅಂದೆ.

ಸುಲಭವಂತೆ.

ನಾನು ಕಲಿಯದೆ ಕೂತಿಲ್ಲ. ನಕ್ಷೆ ಕೋಣೆಯ ಕಿಟಕಿ ಹಾಯಿ ಹಾಸುವ ಜಾಗಕ್ಕೆ ತೆರೆದಿರುತ್ತದೆ. ಸೂಜಿ ಆಡುತ್ತಾ ಒಂದೊಂದು ಮಾತೂ ಹೆಕ್ಕಿಕೊಂಡಿದ್ದೇನೆ. ನಡುಮಧ್ಯಾಹ್ನದ ಅಳತೆ ಉತ್ತರ–ದಕ್ಷಿಣ ಹೇಳುತ್ತದೆ, ಅದಕ್ಕೆ ವಾಚು ಅಷ್ಟಾಗಿ ಬೇಡ. ಬೆಳಗಿನ ಅಳತೆ ಪೂರ್ವ–ಪಶ್ಚಿಮ ಹೇಳುತ್ತದೆ. ಅದಕ್ಕೆ ವಾಚೇ ಪ್ರಾಣ. ಕದ್ದು ಕಲಿತ ವಿದ್ಯೆ. ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಮಾರ್ಚ್ 12, ಬುಧವಾರ. ಬೆಳಿಗ್ಗೆ 9

‘ಈಗ’ ಅಂದಳು.

ವಾಚಿನಲ್ಲಿ 8 ಗಂಟೆ 41 ನಿಮಿಷ 17 ಸೆಕೆಂಡ್.

ನಾನು ಬರೆದದ್ದು 8–42–17.

ಕೈ ಜಾರಲಿಲ್ಲ. ಕಣ್ಣು ತಪ್ಪಲಿಲ್ಲ. ಬರೆದೆ.

ಅದೇ ದಿನ. ಮಧ್ಯಾಹ್ನ 2

ಟವೆಲ್ ಎತ್ತಿದ. ಹದಿನಾಲ್ಕು ಮೈಲಿ. ಪಶ್ಚಿಮಕ್ಕೆ.

ತಂಗಿ ಮೂರು ಸಲ ಲೆಕ್ಕ ಕೂಡಿದಳು. ಮೂರು ಸಲವೂ ಅದೇ. ಕಿವಿ ಕೆಂಪಾಗಿತ್ತು, ಚಿಕ್ಕವಳಿದ್ದಾಗ ತಟ್ಟೆ ಒಡೆದರೆ ಆಗುತ್ತಿದ್ದ ಹಾಗೆ. ನನ್ನ ಹೊಟ್ಟೆಯೊಳಗೆ ತಣ್ಣಗಾಯಿತು. ಒಂದು ಗಳಿಗೆ. ನಿಜ ಬರೆಯಬೇಕಲ್ಲ — ತುಂಬಾ ಹಿತವಾಗಿತ್ತು.

ಕ್ಯಾಪ್ಟನ್ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟವೆಲ್ ಮಡಿಸುತ್ತಾ, ನನ್ನ ಕಡೆ ತಿರುಗಿ, ತಣ್ಣಗೆ ಹೇಳಿದ. “ಹೆಂಗಸರ ಸೀಟು ಪ್ರಯೋಗಕ್ಕೆ ಅಂತ ನೀನೇ ಸಹಿ ಹಾಕಿದ್ದೀಯ. ಪ್ರಯೋಗ ಮಾಡಿದ್ವಿ. ನೋಡಿದ್ವಿ. ಮುಂದಿನ ಬಂದರಿನಿಂದ ಹೊರಟ ಮೇಲೆ ಆ ಜಾಗಕ್ಕೆ ಗಂಡಸೊಬ್ಬನನ್ನ ಹಾಕ್ತೀನಿ.”

ಕೋಣೆಗೆ ಬಂದು ಡಬ್ಬಿ ತೆಗೆದೆ. ಕಾಗದದ ಕೊನೆಯ ಸಾಲು: ಈ ಸೀಟು ಪ್ರಯೋಗಾರ್ಥ, ತೃಪ್ತಿಕರವಾಗದಿದ್ದರೆ ರದ್ದು. ಕೆಳಗೆ ನನ್ನದೇ ಸಹಿ.

ಅವಳ ಸೀಟಲ್ಲ ಹೋದದ್ದು. ಸೀಟೇ ಹೋಯಿತು. ನನ್ನದೂ. ನಾಳೆ ಬರುವವಳದೂ. ಹನ್ನೊಂದು ದಿನದ ಗಂಟಲು ಒಂದು ನಿಮಿಷದಲ್ಲಿ.

ಮಾರ್ಚ್ 13

ಹೊಲಿದೆ.

ಮಾರ್ಚ್ 15, ಶನಿವಾರ. ಸಂಜೆ 6, ಬಂದರಿನಲ್ಲಿ

ನೆಲ ತೂಗುತ್ತಿದೆ. ಹಡಗು ನಿಂತರೂ ಕಾಲು ನಿಲ್ಲುವುದಿಲ್ಲ.

ಇವತ್ತು ಇಳಿದೆ. ಇಳಿಸಿದವಳು ತಂಗಿ. ಬೆಳಿಗ್ಗೆ ನನ್ನ ಡಬ್ಬಿಯಿಂದ ಕಾಗದ ತೆಗೆದುಕೊಂಡು ಹೋಗಿ, ಎರಡನೇ ಸಾಲನ್ನು ಕ್ಯಾಪ್ಟನ್‌ನ ಮುಂದೆ ಗಟ್ಟಿಯಾಗಿ ಓದಿದಳಂತೆ. ಎಲ್ಲರಿಗೂ ಒಂದು ಪೂರ್ತಿ ದಿನ. ನಾನು ಬರೆಸಿದ ಸಾಲು. ನನಗಾಗಿ ಓದಬೇಕು ಅಂತ ನನಗೇ ಹೊಳೆದಿರಲಿಲ್ಲ. ಹಾಯಿ ಕಾಯಲು ಗೂಟ ಕೂತ. ಕದಲುವ ಪೈಕಿ ಅಲ್ಲ ಅವನು.

ಬಿಸಿನೀರಿನ ಸ್ನಾನದ ಮನೆಗೆ ಹೋದೆವು. ಅರ್ಧ ಗಂಟೆ ತಲೆಯ ಮೇಲೆ ನೀರು ಬಿಟ್ಟುಕೊಂಡು ನಿಂತೆ. ಕೂದಲಿನಿಂದ ಉಪ್ಪು ಇಳಿದು ಬಾಯಿಗೆ ಬಂತು. ಆಮೇಲೆ ಮೂಲೆ ಅಂಗಡಿಯಲ್ಲಿ ಬ್ರೆಡ್ಡು, ಮೊಟ್ಟೆ, ಮತ್ತೆ ಮೊಟ್ಟೆ. ಟೋಪಿ ಅಂಗಡಿಯಲ್ಲಿ ಹನ್ನೆರಡು ಟೋಪಿ ಹಾಕಿ ನೋಡಿ ಒಂದೂ ಕೊಳ್ಳದೆ ಹೊರಬಿದ್ದೆವು. ಅಂಗಡಿಯವಳು ಗೊಣಗಿದಳು. ನಾವಿಬ್ಬರೂ ರಸ್ತೆಯಲ್ಲಿ ಓಲಾಡುತ್ತಾ ಗೋಡೆ ಹಿಡಿದು ನಕ್ಕೆವು. ನಗುತ್ತಾ ನಗುತ್ತಾ ಅವಳ ಜೇಬಿನ ಪೆನ್ಸಿಲ್ ಕಂಡಿತು. ನಗು ಅಲ್ಲಿಗೆ ನಿಂತಿತು.

ಗಡಿಯಾರದ ಗೋಪುರದ ಎದುರು ಬೆಂಚು. ಕೈ ನೀಡಿ ಮುಷ್ಟಿ ಹಿಡಿ ಅಂದಳು. ಒಂದು ಮುಷ್ಟಿ ಅಂದರೆ ಹತ್ತು ಡಿಗ್ರಿ. ಗೋಪುರ ಎಷ್ಟು ಮುಷ್ಟಿ? ಎರಡು. ಅದರ ತುದಿಯ ಹಕ್ಕಿ? ಒಂದು ಬೆರಳು ಹೆಚ್ಚು. ಸರಿ ಅಂದಳು. ನನ್ನ ಕೈ ಹಿಡಿದುಕೊಂಡೇ ಇದ್ದಳು. ಆಮೇಲೆ ಹೇಳಿದಳು.

“ಅಕ್ಕ, ಬುಧವಾರ ಮಧ್ಯಾಹ್ನದ ಅಳತೆ ಸರಿಯಾಗೇ ಇತ್ತು. ಬೆಳಗಿಂದು ಮಾತ್ರ ತಪ್ಪು. ಒಂದು ನಿಮಿಷ ಕಳೆದು ಮತ್ತೆ ಲೆಕ್ಕ ಮಾಡ್ದೆ. ಚುಕ್ಕೆ ಹೋಗಿ ಸರಿಯಾಗಿ ಕೂತ್ಕೊಳ್ತು.”

“ವಾಚು ಕೆಟ್ಟಿರಬೇಕು.”

“ವಾಚು ಕೆಟ್ಟಿಲ್ಲ.”

ಗೋಪುರದ ಗಡಿಯಾರ ನೋಡುತ್ತಾ ಕೂತೆ. ಕ್ಯಾಪ್ಟನ್‌ಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಹೇಳಿದ್ರೆ ಏನಂತಾನೆ, ಅಕ್ಕ ತಂಗಿ ಜುಟ್ಟು ಹಿಡ್ಕೊಂಡ್ರು ಅಂತಾನೆ, ಆವಾಗಲೂ ಸೀಟು ಹೋಗುತ್ತೆ ಅಂದಳು.

ತಪ್ಪಿತಸ್ಥೆ ನಾನು. ಆದರೂ ದನಿ ಏರಿಸಿದವಳೂ ನಾನೇ. ಹನ್ನೊಂದು ದಿನ ಬಿಸಿಲಲ್ಲಿ ಕೂತವಳು ಯಾರು, ನೀನೆಲ್ಲಿದ್ದೆ ಆಗ, ಅಂದುಬಿಟ್ಟೆ. ಸಿದ್ಧವಾಗಿ ಇಟ್ಟುಕೊಂಡಿದ್ದ ಮಾತು.

ಅವಳು ಕೂಗಲಿಲ್ಲ. “ಅಮ್ಮ ಸೊಂಟ ಮುರಿದುಕೊಂಡು ಮಲಗಿದ್ದಳಲ್ಲ. ಆ ಹನ್ನೊಂದು ದಿನ ಬೆಡ್‌ಪ್ಯಾನ್ ಹಿಡಿದವಳು ಯಾರು? ನೀನು ಗೇಟಿನ ಮುಂದೆ ಕೂತ್ಕೊಂಡಿದ್ದು ನಾನು ಮಂಚದ ಪಕ್ಕ ಕೂತಿದ್ದಕ್ಕೇ ಅಲ್ವಾ?”

ಸಾವಿರ ಜನರ ಮುಂದೆ ಎಲ್ಲ ದುಡಿಮೆಯ ಲೆಕ್ಕ ಕೇಳಿದವಳು ನಾನು. ಇದೊಂದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ.

ಎದ್ದು ನಿಂತು ಹೇಳಿದಳು: “ನಾನು ಯಾರಿಗೂ ಹೇಳಲ್ಲ. ನಿನ್ನ ಬಾಯಿ, ನಿನ್ನ ಇಷ್ಟ.”

ದಾರಿಯುದ್ದಕ್ಕೂ ಒಬ್ಬರ ಹಿಂದೆ ಒಬ್ಬರು ನಡೆದೆವು. ನೆಲ ಇನ್ನೂ ತೂಗುತ್ತಲೇ ಇತ್ತು.

ಮಾರ್ಚ್ 18, ಮಂಗಳವಾರ. ಬೆಳಿಗ್ಗೆ 11

ಹೊರಟಿದ್ದೇವೆ. ಗುರುವಾರ ಸಂಜೆ ಕ್ಯಾಪ್ಟನ್ ಹೊಸ ಪಟ್ಟಿ ಹಾಕುತ್ತಾನೆ. ಅದಕ್ಕೆ ಮೊದಲೇ ಆಗಬೇಕು.

ಕಾಗದದಲ್ಲಿ ಇನ್ನೊಂದು ಸಾಲಿದೆ. ಹಡಗಿನ ಯಾರು ಬೇಕಾದರೂ ಎಲ್ಲರ ಸಭೆ ಕರೆಯಬಹುದು. ಅಡುಗೆ ಕೋಣೆಯ ಬಾಗಿಲಿನ ಕಪ್ಪು ಹಲಗೆಯ ಮೇಲೆ ವಿಷಯ ಬರೆದು ಸಹಿ ಹಾಕಿದರೆ ಸಾಕು. ಬರೆದೆ. ಹೆಂಗಸರ ಸೀಟು ರದ್ದಾಗಕೂಡದು. ಕಾರಣ ಸಭೆಯಲ್ಲಿ ಹೇಳುತ್ತೇನೆ. ಕಾರಣವನ್ನು ಹಲಗೆಯ ಮೇಲೆ ಬರೆಯಲು ಸೀಮೆಸುಣ್ಣ ಎತ್ತಿದ್ದೆ. ಕೈ ಬರಲಿಲ್ಲ. ಬಾಯಿ ಬರಬೇಕು.

ಹಿಂದೆ ಗೂಟ ನಿಂತಿದ್ದ. “ಏನಕ್ಕಾ, ಮತ್ತೆ ಹನ್ನೊಂದು ದಿನಾನಾ?”

“ಇಲ್ಲ. ಒಂದು ನಿಮಿಷ” ಅಂದೆ. ಅವನಿಗೆ ಅರ್ಥವಾಗಲಿಲ್ಲ. ಗುರುವಾರ ಆಗುತ್ತದೆ.

ಹೇಳಿದ ಮೇಲೆ ಆ ಸೀಟಿನಲ್ಲಿ ನಾನು ಯಾವತ್ತೂ ಕೂರುವುದಿಲ್ಲ. ಸುಳ್ಳು ಸಮಯ ಬರೆದವಳ ಕೈಗೆ ಯಾರು ಸೆಕ್ಸ್ಟಂಟ್ ಕೊಡುತ್ತಾರೆ? ನಾನೇ ಕ್ಯಾಪ್ಟನ್ ಆಗಿದ್ದರೂ ಕೊಡುತ್ತಿರಲಿಲ್ಲ. ಸೀಟು ಉಳಿದರೆ ತಂಗಿ ಕೂರುತ್ತಾಳೆ. ಬೆಳಿಗ್ಗೆ ಅವಳ ಕಣ್ಣಿನ ಬಳೆ ನೋಡಿದೆ. ಸ್ವಲ್ಪ ಮಾಸಿದೆ. ಆದರೂ ಹೊಟ್ಟೆ ಉರಿಯಿತು, ಮೊದಲಿನಷ್ಟೇ. ಇದು ಬರೆದರೆ ಆರುವ ಉರಿಯಲ್ಲ.

ಹಲಗೆಯ ಮೇಲೆ ಸಮಯ ಬರೆಯುವಾಗ ಅವಳು ಪಕ್ಕಕ್ಕೆ ಬಂದು ನಿಂತಳು. ಜೇಬಿನಿಂದ ವಾಚು ತೆಗೆದು ನನ್ನ ಮುಂದೆ ಹಿಡಿದಳು. ಅದನ್ನು ರೇಡಿಯೊದಲ್ಲಿ ಬರುವ ಸಮಯದ ಗಂಟೆಗೆ ಹೋಲಿಸಿ ಸರಿಯಿದೆ ಅಂತ ನೋಡಿಕೊಂಡು, ಸಭೆಯ ಸಮಯ ಬರೆದೆ, ಎರಡೆರಡು ಸಲ ಓದಿದೆ. ಇಲ್ಲೂ ಬರೆದಿಡುತ್ತೇನೆ.

ಸಭೆ — ದೊಡ್ಡ ಕಂಬದ ಬುಡದಲ್ಲಿ. ಗುರುವಾರ, ಮಾರ್ಚ್ 20. ಮಧ್ಯಾಹ್ನ 4 ಗಂಟೆ, 0 ನಿಮಿಷ, 0 ಸೆಕೆಂಡ್.