ಭತ್ತದ ಕಾಳಿನಿಂದ ಡಾಕ್ಟರೇಟಿಗೆ

ಅಪ್ಪಾ,

ನಿನ್ನ ಮಗಳು ಡಾಕ್ಟರ್ ಆದಳು. ಸೂಜಿ ಚುಚ್ಚುವ ಡಾಕ್ಟರಲ್ಲ, ಭೌತಶಾಸ್ತ್ರದ ಡಾಕ್ಟರ್. ಅದೂ ಇಪ್ಪತ್ನಾಲ್ಕನೆಯ ವಯಸ್ಸಿಗೆ. ನಮ್ಮ ವಿಭಾಗದಲ್ಲಿ ಇಷ್ಟು ಬೇಗ ಯಾರೂ ಮುಗಿಸಿರಲಿಲ್ಲವಂತೆ. ಈ ಸುದ್ದಿ ಮೊದಲು ಮುಟ್ಟಬೇಕಾದದ್ದು ನಿನಗೇ ಅಲ್ಲವೇ?

ನನಗೆ ಹತ್ತು ವರ್ಷವಿದ್ದಾಗಿನ ಒಂದು ಮಧ್ಯಾಹ್ನ. ಕಂಪ್ಲಿಯ ರೈಸ್ ಮಿಲ್ಲಿನಲ್ಲಿ ನೀನು ಆಪರೇಟರ್. ನಾನು ನಿನಗೆ ಬುತ್ತಿ ತಂದಿದ್ದೆ. ಭತ್ತ ಸುರಿಯುವ ಹಾಪರ್, ಆ ದೊಡ್ಡ ಲಾಳಿಕೆಯಂಥದ್ದು, ಇದ್ದಕ್ಕಿದ್ದಂತೆ ಕಾಳು ಇಳಿಸುವುದನ್ನು ನಿಲ್ಲಿಸಿತು. ನೀನು ಮರದ ಸುತ್ತಿಗೆಯಿಂದ ಪಕ್ಕಕ್ಕೆ ಎರಡೇಟು ಹಾಕಿದೆ. ಮತ್ತೆ ಸುರಿಯತೊಡಗಿತು.

"ಯಾಕ ನಿಂತಿತ್ತಪ್ಪ? ಒಳಗ ಏನೂ ಅಡ್ಡ ಇಲ್ಲಲ್ಲ?"

"ಇಷ್ಟು ವರ್ಷ ಬಡಕೊಂತ ಬಂದೀನಿ, ಯಾಕಂತ ನನಗೂ ಗೊತ್ತಿಲ್ಲ. ನೀನ ಓದಿ ಹೇಳು," ಅಂದೆ ನೀನು. ಬೇರೆ ಅಪ್ಪಂದಿರಾಗಿದ್ದರೆ ಸುಮ್ಮನಿರು ಅನ್ನುತ್ತಿದ್ದರೇನೋ...

ಬಿಎಸ್ಸಿ ಮುಗಿದ ವಾರ ಮೆಟ್ರಿ ಊರಿಂದ ದೊಡ್ಡಪ್ಪ ಗಂಡಿನ ಫೋಟೋ ಹಿಡಿದು ಬಂದಿದ್ದ. "ಇನ್ನೆಷ್ಟು ಓದಸ್ತೀಯೋ ತಮ್ಮಾ?" ಎಂದು ಕೇಳಿದ. "ಆಕಿ ಸಾಕು ಅಂದಾಗ ಸಾಕು," ಅಂದೆ ನೀನು. ಹತ್ತೊಂಬತ್ತರ ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದೆ. ಎಂಎಸ್ಸಿಗೆಂದು ಹೊಸಪೇಟೆಯಲ್ಲಿ ನನ್ನನ್ನು ರೈಲು ಹತ್ತಿಸಿದವನೂ ನೀನೇ.

ಸಂಶೋಧನೆಯ ಎರಡನೇ ವರ್ಷ ನಿನ್ನ ಎದೆನೋವಿನ ಸುದ್ದಿ ಬಂತು. ನಾನು ಬಂದು ಮುಟ್ಟುವಷ್ಟರಲ್ಲಿ... ಅದನ್ನು ಬರೆಯಲಾರೆ. ನಿನ್ನ ಕಾರ್ಯ ಮುಗಿದ ಮೇಲೆ, ಇನ್ನು ಹೋಗುವುದಿಲ್ಲ ಎಂದು ಅವ್ವನಿಗೆ ಹೇಳಿದೆ. ಅವಳು ನನ್ನ ಬಟ್ಟೆ ಮಡಚಿ ಬ್ಯಾಗಿಗೆ ತುಂಬುತ್ತಲೇ ಇದ್ದಳು.

"ನಿಮ್ಮಪ್ಪ ಓದಿ ಹೇಳು ಅಂದಿದ್ದಕ್ಕ ಉತ್ತರ ಸಿಕ್ಕೈತೇನು?"

"ಇಲ್ಲ."

"ನಡಿ ಮತ್ತ."

ಹೋದೆ. ಗಾಜಿನ ಹಾಪರ್ ಮಾಡಿಸಿ, ಕ್ಯಾಮೆರಾ ಇಟ್ಟು, ಸಾವಿರಾರು ಸಲ ಭತ್ತ ಸುರಿದೆ. ಕೇಳು ಅಪ್ಪಾ, ಒಳಗೆ ಅಡ್ಡ ನಿಲ್ಲುವುದು ಕಾಳುಗಳೇ. ಒಂದಕ್ಕೊಂದು ಆತುಕೊಂಡು, ಹಂಪಿಯ ಆನೆಲಾಯದ ಬಾಗಿಲ ಹಾಗೆ ಕಮಾನು ಕಟ್ಟಿಬಿಡುತ್ತವೆ. ಮೇಲಿನ ಭಾರವನ್ನು ಆ ಕಮಾನು ಹೊರುತ್ತದೆ. ನಿನ್ನ ಏಟಿಗೆ ಒಂದು ಕಾಳು ಜಾರಿದರೂ ಸಾಕು, ಎಲ್ಲ ಕುಸಿದು ಕೆಳಗಿಳಿಯುತ್ತದೆ. ಎಷ್ಟು ಉದ್ದದ ಕಾಳು ಎಷ್ಟಗಲದ ಬಾಯಿಯಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಮೊದಲೇ ಹೇಳುವ ಸೂತ್ರವೊಂದನ್ನು ಕಂಡುಕೊಂಡೆ. ಮೊನ್ನೆ ಶುಕ್ರವಾರ ಪರೀಕ್ಷಕರು ಎರಡು ತಾಸು ಅದನ್ನು ಎಲ್ಲ ಕಡೆಯಿಂದ ಜಗ್ಗಿ ನೋಡಿದರು. ಅದು ಅಲುಗಲಿಲ್ಲ, ನಾನೂ ಅಲುಗಲಿಲ್ಲ. ಕೊನೆಗೆ ಹಿರಿಯ ಪರೀಕ್ಷಕರು ಎದ್ದು ಬಂದು, "ಅಭಿನಂದನೆಗಳು, ಡಾಕ್ಟರ್," ಎಂದು ಕೈಕುಲುಕಿದರು. ಮುಂದಿನ ಸಾಲಿನಲ್ಲಿ ಇಳಕಲ್ ಸೀರೆಯುಟ್ಟು ಕೂತಿದ್ದ ಅವ್ವ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು.

ಮುಂದಿನ ತಿಂಗಳಿಂದ ಹೊಸಪೇಟೆಯ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಯಾವ ಮಗು ಏನೇ ಕೇಳಿದರೂ ಸುಮ್ಮನಿರು ಅನ್ನುವುದಿಲ್ಲ, ಮಾತು ಕೊಡುತ್ತೇನೆ.

ಇನ್ನೊಂದು ಸುದ್ದಿ ಉಳಿದಿದೆ. ಚಹಾ ಕುಡಿಯುವಾಗ ಆ ಹಿರಿಯ ಪರೀಕ್ಷಕರು, "ಇವರ ತಂದೆಯ ಹೆಸರೇನಮ್ಮ?" ಎಂದು ಅವ್ವನನ್ನು ಕೇಳಿದರು. ಗಂಡನ ಹೆಸರು ಹೇಳದವಳು ಅವಳು. ಮದುವೆಯಲ್ಲಿ ನಿನ್ನ ಹೆಸರು ಸೇರಿಸಿ ಒಡಪು ಹಾಕು ಎಂದು ಎಲ್ಲರೂ ಕಾಡಿದರೂ ಸೆರಗು ಬಾಯಿಗೊತ್ತಿ ಕೂತಿದ್ದಳೆಂದು ನೀನೇ ನಗುತ್ತಿದ್ದೆ. ಎಂದಿನಂತೆ ನಾನೇ ಹೇಳಲು ಬಾಯಿ ತೆರೆದೆ. ಅವ್ವ ನನ್ನ ಕೈ ಹಿಡಿದು ತಡೆದಳು.

"ಮಲ್ಲಿಕಾರ್ಜುನ," ಅಂದಳು. ಸುತ್ತ ನಿಂತವರಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ. "ಕಂಪ್ಲಿ ಮಿಲ್ಲಿನ ಮಲ್ಲಿಕಾರ್ಜುನ. ಈಕಿ ಅವರ ಮಗಳ್ರಿ."