ಒರೆಸಿ ಅಂಟಿಸಿದ ಎಲೆ

ಎರಡನೇ ಬೇಸಿಗೆ, ಹದಿನಾಲ್ಕನೆಯ ತಿಂಗಳು
ಕೆಲಗೇರಿ ದಿಬ್ಬದ ನೆರಳುಮನೆ, ಧಾರವಾಡ

ಗಿಡಗಳ ಎಲೆ ಒಣಗಿಸಿ ಹಾಳೆಗೆ ಅಂಟಿಸಿಡುವ ಹಿಂದಿನ ಕಾಲದ ಹಿರಿಯರಿಗೆ ಇರಾವತಿ ಹಡಗಲಿಯ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಬೇಸಿಗೆ ವರ್ಷಕ್ಕೆ ಎರಡು ಸಲ ಬರತೊಡಗಿದ ಮೇಲೆ ನಮ್ಮವರು ತಿಂಗಳುಗಳನ್ನು ಹೊಸದಾಗಿ ಹಂಚಿಕೊಂಡರು. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು, ಮನ್ನಿಸಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅದನ್ನೂ ಮನ್ನಿಸಿ. ಮನ್ನಿಸದಿದ್ದರೂ ಅಡ್ಡಿಯಿಲ್ಲ, ಪೂರ್ತಿ ಓದಿ.

ಬಯಲಿನಲ್ಲಿ ಈಗ ಏನೂ ಬೆಳೆಯುವುದಿಲ್ಲ. ನಾವು ದಿಬ್ಬಗಳ ಮೇಲೆ ಈಚಲು ಚಾಪೆ ಹೊದಿಸಿದ ದೊಡ್ಡ ಚಪ್ಪರಗಳ ಕೆಳಗೆ ಬದುಕುತ್ತೇವೆ, ಅದನ್ನೇ ನೆರಳುಮನೆ ಅನ್ನುತ್ತೇವೆ. ಒಂದೊಂದು ಮನೆತನಕ್ಕೆ ಒಂದೊಂದು ಬೆಳೆಯ ಮಡಿ, ಆ ಮಡಿಯ ಬೀಜ ಮಾತ್ರ ಎಲ್ಲರದು. ನನ್ನ ಅಕ್ಕ ತುಳಜವ್ವನ ಮಡಿಯಲ್ಲಿ ಅಲಸಂದಿ ಇತ್ತು. ಸುತ್ತಲಿನ ದಿಬ್ಬಗಳಲ್ಲಿ ಅಲಸಂದಿ ಅಳಿದುಹೋಗಿ ಅವಳಲ್ಲಿ ಮಾತ್ರ ಉಳಿದಿತ್ತು. ನಸುಕಿನಲ್ಲೇ ಎದ್ದು ನೀರು ಹನಿಸುತ್ತ, ಸೋಮಾರಿ ಬಳ್ಳಿಗಳನ್ನು ಬಾಯಿತುಂಬ ಬೈಯುವುದು ಅವಳ ಪ್ರೀತಿಯ ರೀತಿ. ನಾನು ದಿಬ್ಬದ ಬೂದಿ ನೋಡುವವಳು. ಎಲೆಯ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬರುತ್ತದಲ್ಲ, ಬೂದಿರೋಗ, ಆ ಶಿಲೀಂಧ್ರ ಯಾವ ಜಾತಿಯದೆಂದು ಗುರುತಿಸಿ ಹೇಳುವುದು ನನ್ನ ಕೆಲಸ.

ನಮ್ಮಲ್ಲಿ ಎರಡು ಬೂದಿಗಳಿವೆ. ಮನೆಬೂದಿ ಬಂದ ಗಿಡದಲ್ಲೇ ಇರುತ್ತದೆ, ಮಜ್ಜಿಗೆನೀರು ಚಿಮುಕಿಸಿದರೆ ತಗ್ಗುತ್ತದೆ. ಜಿಗಿಬೂದಿ ಹಾಗಲ್ಲ. ಅಲಸಂದಿಯಿಂದ ಸೌತೆಗೆ, ಸೌತೆಯಿಂದ ಕುಂಬಳಕ್ಕೆ ಹಾರಿ ಇಡೀ ದಿಬ್ಬವನ್ನು ಉಪವಾಸ ಕೆಡವುತ್ತದೆ. ಬರಿಗಣ್ಣಿಗೆ ಎರಡೂ ಒಂದೇ. ಎಲೆ ಮುದಿಯಾದಾಗ ಬೂದಿಯ ನಡುವೆ ಸಾಸಿವೆಗಿಂತ ಎಷ್ಟೋ ಸಣ್ಣ ಕಪ್ಪು ಕಾಳುಗಳು ಮೂಡುತ್ತವಂತೆ. ಕಾಳಿನ ಸುತ್ತಲಿನ ಕೂದಲಿನ ತುದಿ ನೆಟ್ಟಗಿದೆಯೋ ಕೊಕ್ಕೆಯಾಗಿದೆಯೋ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ನೀವು ಜಾತಿ ಹೇಳುತ್ತಿದ್ದಿರಿ. ಕಾಳು ಕಟ್ಟಲು ಚಳಿ ಬೇಕು. ಚಳಿಯನ್ನು ನಾವು ಕಂಡಿಲ್ಲ. ಸಾಲದ್ದಕ್ಕೆ ಬೂದಿ ಬಿದ್ದ ಎಲೆಯನ್ನು ಕಂಡಕೂಡಲೇ ಚಿವುಟಿ ಒಲೆಗೆ ಹಾಕುವುದು ನಮ್ಮವರ ಮೈಗಂಟಿದ ರೂಢಿ. ಜಿಗಿಬೂದಿ ಬಂದ ದಿಬ್ಬಗಳನ್ನು ಅಂಜಿಕೆಯಿಂದ ಬುಡಸಮೇತ ಸುಟ್ಟವರೂ ಒಂದೆಲೆ ಉಳಿಸಲಿಲ್ಲ. ಹಾಗಾಗಿ ಬೂದಿಯ ಜೀವದೆಳೆ, ನೀವು ಡಿಎನ್ಎ ಅನ್ನುವುದು, ಅದನ್ನು ಓದುವ ಯಂತ್ರ ನಮ್ಮಲ್ಲಿದ್ದರೂ, ಹೋಲಿಸಿ ನೋಡಲು ಹೆಸರು ಗೊತ್ತಿರುವ ಹಳೆಯ ಬೂದಿ ಇಲ್ಲ.

ಈ ಬೇಸಿಗೆ ಅಕ್ಕನ ಅಲಸಂದಿಗೆ ಬೂದಿ ಬಂತು. ಗುರುತು ಸಿಗದ ಬೂದಿಯನ್ನು ಮಡಿ, ಕೂಡಿಟ್ಟ ಬೀಜ ಸಮೇತ ಸುಡಬೇಕೆಂಬುದು ದಿಬ್ಬದ ಕಟ್ಟಳೆ. ಪಂಚರನ್ನು ಕಾಡಿ ಬೇಡಿ ಸ್ವಲ್ಪ ಸಮಯ ಕೇಳಿಕೊಂಡು, ನೀವು ಆ ಹಾಳೆಗಳನ್ನು ಕೂಡಿಟ್ಟ ಹಳೆಯ ಎಲೆಮನೆಗೆ ಹೋದೆ. ಅಲಸಂದಿಯ ಹಾಳೆಗಳು ಬೇಕಾದಷ್ಟಿದ್ದವು. ಎಲ್ಲವೂ ಚೊಕ್ಕ, ಮದುವೆ ಮನೆಗೆ ಹೊರಟವರ ಹಾಗೆ. ಒಂದು ಚುಕ್ಕೆಯಿಲ್ಲ, ಒಂದು ಕಲೆಯಿಲ್ಲ. ಕೊನೆಯ ಹಾಳೆಯ ಚೀಟಿಯಲ್ಲಿ ಗಿಡದ ಹೆಸರು, ಊರಿನ ಹೆಸರು, ಕೆಳಗೆ ಮುದ್ದಾದ ಅಕ್ಷರದಲ್ಲಿ ಹೀಗೆ ಬರೆದಿತ್ತು: ‘ಎಲೆಯ ಮೇಲೆ ಬೂದಿ ಇತ್ತು, ಒರೆಸಿ ಅಂಟಿಸಿದೆ.’ ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಆಮೇಲೆ ಆ ಎಲೆಯ ಚೂರನ್ನೂ ಯಂತ್ರಕ್ಕೆ ಕೊಟ್ಟೆ. ಅದು ಅಲಸಂದಿ ಎಂದಷ್ಟೇ ಹೇಳಿತು.

ಮನೆಬೂದಿ ಎಂದು ಸುಳ್ಳು ಹೇಳಿಬಿಡೋಣ ಅನ್ನಿಸಿತು, ಪಂಚರು ನಂಬುತ್ತಿದ್ದರು. ಅಕ್ಕ ನನ್ನ ಮುಖ ನೋಡಿಯೇ ತಿಳಿದುಕೊಂಡಳು.

“ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತ ಹೇಳು, ಇರಾ. ನನ್ನ ಮಾರಿ ನೋಡಿ ಸುಳ್ಳ ಹೇಳಬ್ಯಾಡ. ಕುಂಬಳದ ಮಡಿ ಮಂದಿಗೂ ಮಕ್ಕಳದಾವ.”

ಗೊತ್ತಿಲ್ಲ ಎಂದು ಹೇಳಿದೆ. ಬೆಂಕಿಯನ್ನು ಅಕ್ಕನೇ ಇಟ್ಟಳು, ಬೇರೆಯವರ ಕೈಗೆ ಕೊಡಲಿಲ್ಲ.

ಸುಡುವ ಮೊದಲೇ ಗಾಳಿ ಆ ಬೂದಿಯನ್ನು ಪಕ್ಕದ ಸೌತೆ, ಕುಂಬಳದ ಮೇಲೆಲ್ಲ ಹರಡಿತ್ತು. ಆ ಬಳ್ಳಿಗಳು ಇವತ್ತಿಗೂ ಹಸಿರಾಗಿವೆ. ಅಂದರೆ ಅದು ಮನೆಬೂದಿ. ಮಜ್ಜಿಗೆನೀರಿಗೆ ಹೋಗುವಂಥದು. ಅಕ್ಕನಿಗೂ ಇದು ಗೊತ್ತಾಗಿದೆ, ಈಗ ಯಾರನ್ನೂ ಯಾವುದನ್ನೂ ಬೈಯುವುದಿಲ್ಲ. ದಿಬ್ಬದ ಬಾಣಂತಿಯರಿಗೆ ಅಲಸಂದಿಯ ಕಟ್ಟು ಕುಡಿಸುತ್ತಿದ್ದೆವು. ಇನ್ನು ಅದಿಲ್ಲ.

ಪಂಚರನ್ನು ಕೇಳಿ ಒಂದು ಎಲೆಯನ್ನು ಬೂದಿ ಸಮೇತ ಗಾಜಿನಲ್ಲಿ ಮುಚ್ಚಿಟ್ಟಿದ್ದೇನೆ, ಮುಂದಿನವರಿಗೆ ಬೇಕಾದೀತು. ನಿಮ್ಮನ್ನು ಕೇಳುವುದು ಇಷ್ಟೇ. ಚೆಂದದ ಎಲೆಯ ಜೊತೆಗೆ ರೋಗದ ಎಲೆಯನ್ನೂ ತನ್ನಿ. ನಿಮ್ಮಲ್ಲಿನ್ನೂ ಚಳಿಯಿದೆ, ಕಪ್ಪು ಕಾಳು ಕಟ್ಟುವ ತನಕ ಕಾದು ಕೀಳಿ. ಯಾವ ಗಿಡದ್ದೆಂದು ಬರೆಯಿರಿ, ಬೂದಿಯ ಜಾತಿ ಬರೆಯಿರಿ. ನಿಮ್ಮ ಮೇಜಿನ ಮೇಲೆ ಈಗ ಒಂದು ಅಲಸಂದಿ ಎಲೆ ಇರಬಹುದು, ಒರೆಸುವ ಬಟ್ಟೆಯೂ ಕೈಯಲ್ಲಿರಬಹುದು. ನಿಮ್ಮ ಕಾಲಿಗೆ ಬೀಳುತ್ತೇನೆ, ಬಟ್ಟೆಯನ್ನು ಕೆಳಗಿಡಿ.