ಅಮ್ಮ ಸೇರಿಸಿದ ಸಾಲು

ತಿಪಟೂರು
ಫೆಬ್ರವರಿ ೩೦, ೨೧೭೬

ಶಾಲೆಗೆ ಹೋಗುವ ಮಕ್ಕಳಿರುವ ಹಿರಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಹೆಚ್ಚುಕಡಿಮೆ ಸಮ ಮಾಡಿಕೊಂಡಿದ್ದಾರೆ. ನನ್ನ ಕೆಲವು ಪದಗಳೂ ನಿಮ್ಮ ಕಿವಿಗೆ ಒರಟಾಗಿ ಕೇಳಬಹುದು, ಕ್ಷಮಿಸಿ. ನಾನು ಈಚೆಗಷ್ಟೇ ಸಾಹಿತ್ಯದ ಪದವಿ ಮುಗಿಸಿದವಳು. ಎದುರು ಕೂತು ಮಾತಾಡಲು ಬಾರದು, ಹಾಗಾಗಿ ಬರೆಯುತ್ತಿದ್ದೇನೆ.

ನೀವು ಪಾಸ್‌ವರ್ಡ್ ಎನ್ನುವುದನ್ನು ನಾವು ಬೀಗಮಾತು ಎನ್ನುತ್ತೇವೆ. ಶಾಲೆ ನಿಮ್ಮ ಮಗುವಿಗೆ ಕೊಡುವ ಆನ್‌ಲೈನ್ ಖಾತೆ ಶಾಲೆಯೊಂದಿಗೇ ಮುಗಿಯುತ್ತದೆ. ನಮ್ಮದು ಮುಗಿಯುವುದಿಲ್ಲ. ಅದೇ ಬೆಳೆದು ಬಾಳ್ಖಾತೆಯಾಗುತ್ತದೆ: ಹೋಂವರ್ಕ್, ಪದವಿಯ ಪ್ರಬಂಧ, ಕೆಲಸದ ಅರ್ಜಿ, ಗೆಳತಿಗೆ ಬರೆದ ಓಲೆ, ಎಲ್ಲವೂ ಅದರಲ್ಲೇ. ಬೀಗಮಾತನ್ನು ಆರಿಸುವವಳು ತಾಯಿ. ಶಾಲೆಯ ಮೊದಲ ದಿನ ಮಗುವಿನ ಬಾಯಿಗೆ ಬೆಲ್ಲ ಇಟ್ಟು ಅದನ್ನು ಕಿವಿಯಲ್ಲಿ ಹೇಳುತ್ತಾಳೆ, ನಿಮ್ಮಲ್ಲಿ ತೊಟ್ಟಿಲ ಶಾಸ್ತ್ರದಲ್ಲಿ ಹೆಸರು ಹೇಳಿದ ಹಾಗೆ. ಆಮೇಲೆ ಅದನ್ನು ಬದಲಿಸುವುದು ಅಶುಭ. ತಾಯಿಗೆ ಅದು ಸಾಯುವ ತನಕ ನೆನಪಿರುತ್ತದೆ ಎಂಬುದನ್ನು ನಮ್ಮಲ್ಲಿ ಯಾರೂ ಯೋಚಿಸಿದವರಲ್ಲ. ನಾನೂ ಯೋಚಿಸಿರಲಿಲ್ಲ.

ಹೋದ ವಾರ ನಮ್ಮ ಕಾಲೇಜಿನ ಸಫೂರಾ ಮೇಡಂ ಜೋಗುಳಗಳ ಮೇಲಿನ ನನ್ನ ಪ್ರಬಂಧ ಮೆಚ್ಚಿ, ತಮ್ಮ ಜೊತೆ ಹಾಡು ಸಂಗ್ರಹಿಸುವ ಕೆಲಸಕ್ಕೆ ಕರೆದರು. ಈ ಕೆಲಸ ಬಿಟ್ಟು ನಾನು ಬೇರೇನೂ ಬಯಸಿದವಳಲ್ಲ. ಎಲ್ಲರೆದುರು ಒಂದು ಸಾಲನ್ನು ಓದಿಯೂ ಹೇಳಿದರು: "ಜೋಗುಳ ಮಲಗುವ ಮಗುವಿಗಲ್ಲ, ಎದ್ದಿರಬೇಕಾದ ತಾಯಿಗೆ." ಚಪ್ಪಾಳೆ ಬಿತ್ತು. ಆ ಸಾಲನ್ನು ನಾನು ಬರೆದಿರಲಿಲ್ಲ.

ಮನೆಗೆ ಬಂದಾಗ ಅಮ್ಮ ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು. ಆ ಸಾಲು ನಿನ್ನದಾ ಎಂದು ಕೇಳಿದ್ದಕ್ಕೆ ತಲೆ ಕೂಡ ಎತ್ತಲಿಲ್ಲ.

"ಹೂಂ, ನಾನೇ ಸೇರಿಸ್ದೆ. ಒಂದ್ನೇ ಕ್ಲಾಸಿಂದ ಸೇರಿಸ್ತಾನೇ ಇದ್ದೀನಿ. ಡಬ್ಬಿಗೆ ಚಿತ್ರಾನ್ನ ತುಂಬಿದ್ದು ಯಾರು ಅಂತ ಯಾವತ್ತಾದ್ರೂ ಕೇಳಿದ್ಯೇನೇ?"

ಗೋಡೆಗೊರಗಿ ಕೂತಿದ್ದ ಅಜ್ಜಿ, ಅಮ್ಮನ ತಾಯಿ, ಅಮ್ಮನ ಕಡೆ ತಿರುಗಿ ನಕ್ಕಳು. "ನಿಂದೇನು ಭಾರಿ ನೆಟ್ಟಗಿತ್ತಾ? ಮೊನ್ನೆ ರಜೆ ಅರ್ಜೀಲಿ ಸೊಂಟನೋವು ಅಂತ ಬರ್ದಿದ್ದೆ. ಆಫೀಸರಿಗೆ ನಿನ್ ಸೊಂಟದ ವಿಷ್ಯ ಯಾಕೆ? ಜ್ವರ ಅಂತ ಮಾಡ್ದೆ."

ಅಮ್ಮನ ಕೈ ನಿಂತಿತು. "ನನ್ ಖಾತೇನೂ ತೆಗೀತೀಯೇನಮ್ಮ?"

"ಬೆಲ್ಲ ಇಟ್ಟೋಳು ನಾನಲ್ವಾ."

ಐವತ್ತು ದಾಟಿದ ನನ್ನ ಅಮ್ಮ ಆ ಸಂಜೆ ಊಟ ಮಾಡಲಿಲ್ಲ. ನಾನು ನನ್ನ ಬಾಳ್ಖಾತೆ ತೆರೆದು ಮೊದಲಿನಿಂದ ಓದಿದೆ. ಮೂರನೇ ತರಗತಿಯಲ್ಲಿ "ನಮ್ಮ ಹಸುವಿಗೆ ನನ್ನ ಮೇಲೆ ಕೋಪ" ಎಂದು ಬರೆದದ್ದಿದೆ. ಅದು ನನ್ನದೇ ಎಂದು ಇಷ್ಟು ವರ್ಷ ಹೆಮ್ಮೆಪಟ್ಟಿದ್ದೆ. ಈಗ ಅದೂ ಗೊತ್ತಿಲ್ಲ. ಬರೆಯಬಲ್ಲೆ ಎಂದುಕೊಂಡಿದ್ದವಳು ಯಾರು ಎಂಬುದೇ ಗೊತ್ತಾಗದೆ ಕೂತುಬಿಟ್ಟೆ.

ಮರುದಿನ ಮೇಡಂ ಬಳಿ ಹೋಗಿ ಹೇಳಿದೆ. ಅವರು ಬೈಯಲಿಲ್ಲ. ಆ ಸಾಲು ತೆಗೆದು, ಆ ಜಾಗಕ್ಕೆ ನಿನ್ನದೇ ಒಂದು ಬರೆದು ತಾ, ಕೆಲಸ ನಿನ್ನದು ಎಂದರು. ಅಶುಭವಾದರೆ ಆಗಲಿ ಎಂದು ಬೀಗಮಾತು ಬದಲಿಸಿದೆ. ಅಂದಿನಿಂದ ದಿನವೂ ಕೂರುತ್ತಿದ್ದೇನೆ. ಬರೆದದ್ದನ್ನೆಲ್ಲ ಅಳಿಸುತ್ತಿದ್ದೇನೆ.

ನಿಮ್ಮಲ್ಲಿ ಒಂದು ಕೋರಿಕೆ. ಪುಟ್ಟ ಮಗು ಮರೆಯುತ್ತದೆಂದು ಶಾಲೆ ಪಾಸ್‌ವರ್ಡನ್ನು ನಿಮ್ಮ ಕೈಗೆ ಕೊಡುತ್ತದೆ, ಅದು ಸರಿಯೇ. ಆದರೆ ಯಾವಾಗ ಹಿಂದಿರುಗಿಸಬೇಕೆಂದು ಯಾರೂ ಹೇಳುವುದಿಲ್ಲ. ನಿಮಗೂ ನಮಗೂ ನಡುವೆ ಎಲ್ಲೋ ಆ ದಿನವೇ ಕಳೆದುಹೋಯಿತು. ದಯವಿಟ್ಟು ಅದನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಕೆಟ್ಟ ವಾಕ್ಯವೊಂದಕ್ಕೆ ಎರಡು ಅಂಕ ಮಾತ್ರ ಹೋಗುವ ವಯಸ್ಸಿನಲ್ಲೇ ಕೊಟ್ಟುಬಿಡಿ.

ಅಮ್ಮ ಆಗಾಗ ನನ್ನ ಬಾಗಿಲ ತನಕ ಬಂದು ಸುಮ್ಮನೆ ವಾಪಸು ಹೋಗುತ್ತಾಳೆ. ಅವಳ ಬಳಿ ಒಂದು ಒಳ್ಳೆಯ ಸಾಲಿದೆ, ನನಗೆ ಗೊತ್ತು. ಕೇಳಿದರೆ ಕೊಡುತ್ತಾಳೆ. ಕೇಳಬಾರದೆಂದು ಕೂತಿದ್ದೇನೆ.

ನಿಮ್ಮ ಮರಿಮಕ್ಕಳ ಮರಿಮಗಳು,
ನೇಸರ